ದರ ಅವರದು, ವಸೂಲಿ ಇವರದು

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ತಿಂಗಳು ಬಂತೆಂದರೆ ಪುರಸಭೆ, ನಗರಸಭೆಗಳ ಕಂದಾಯ ಶಾಖೆಯ ಕಿಟಕಿ ಮುಂದೆ ಒಂದು ಸಾಲು ಇದ್ದೇ ಇರುತ್ತದೆ. ಆ ತಿಂಗಳೊಳಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಮೇ, ಜೂನ್‌ನಲ್ಲಿ ಕಟ್ಟಿದರೆ ಇದ್ದಷ್ಟೇ. ಜುಲೈಗೆ ಕಾಲಿಟ್ಟರೆ ತಿಂಗಳಿಗೆ ಶೇಕಡಾ 2ರಂತೆ ದಂಡ. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಕಟ್ಟಿ ತಂದ ರಸೀದಿಯನ್ನು ಓದುವವರು ಎಷ್ಟು ಜನ? ಮಡಿಚಿ ಬೀರುವಿನ ಫೈಲಿಗೆ ಸೇರಿಸಿದರೆ ಅದು ಹೊರಗೆ ಬರುವುದು ಬ್ಯಾಂಕ್ ಸಾಲಕ್ಕೋ, ಖಾತೆ ಬದಲಾವಣೆಗೋ ಬೇಕಾದಾಗಲೇ.

ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ. ನಿಮ್ಮ ಮನೆ ಕಂದಾಯ 2,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಾಲು ಇರುತ್ತವೆ. ಆರೋಗ್ಯ ಸೆಸ್ ಶೇಕಡಾ 15, ಅಂದರೆ 300 ರೂಪಾಯಿ. ಗ್ರಂಥಾಲಯ ಸೆಸ್ ಶೇಕಡಾ 6, ಅಂದರೆ 120. ಭಿಕ್ಷುಕರ ಸೆಸ್ ಶೇಕಡಾ 3, ಅಂದರೆ 60. ಒಟ್ಟು 480 ರೂಪಾಯಿ. ಇದು ಪುರಸಭೆಯ ದುಡ್ಡಲ್ಲ. ಗ್ರಂಥಾಲಯದ್ದು 1965ರ ಕಾಯ್ದೆಯ ಪ್ರಕಾರ ಗ್ರಂಥಾಲಯ ಪ್ರಾಧಿಕಾರಕ್ಕೆ ಹೋಗಬೇಕು. ಭಿಕ್ಷುಕರದ್ದು 1975ರ ಕಾಯ್ದೆಯ ಪ್ರಕಾರ ಕೇಂದ್ರ ಪರಿಹಾರ ಸಮಿತಿಗೆ ಹೋಗಬೇಕು. ವಸೂಲಿ ಖರ್ಚು ಅಂತ ಒಂದಿಷ್ಟು ಮುರಿದುಕೊಂಡು ಉಳಿದದ್ದನ್ನು ಪುರಸಭೆ ದಾಟಿಸಬೇಕು, ಅಷ್ಟೇ. ಎಷ್ಟೋ ಕಡೆ ದಾಟಿಸದೆ ಕೈಖರ್ಚಿಗೆ ಬಳಸಿಕೊಂಡು ಬಾಕಿ ಉಳಿಸಿಕೊಂಡಿದ್ದಾರೆ. ಬೆಂಗಳೂರು ಪಾಲಿಕೆ ಗ್ರಂಥಾಲಯ ಇಲಾಖೆಗೆ ಉಳಿಸಿಕೊಂಡ ಬಾಕಿಯ ಸುದ್ದಿಯಂತೂ ವರ್ಷ ವರ್ಷ ಪತ್ರಿಕೆಗಳಲ್ಲಿ ಬರುತ್ತಿತ್ತು.

ನೋಡಿ, ಬೈಸಿಕೊಳ್ಳುವವರು ಪುರಸಭೆಯ ಬಿಲ್ ಕಲೆಕ್ಟರ್. ದರ ಗೊತ್ತುಮಾಡುವವರು ವಿಧಾನಸೌಧದಲ್ಲಿ. ಸುಂಕದವನ ಹತ್ತಿರ ಸುಖ ದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಅಂತಾರಲ್ಲ, ಇಲ್ಲಿ ಸುಂಕದವನಿಗೇ ಅವನ ದುಃಖ ಇದೆ.

ಸಣ್ಣ ಊರುಗಳಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ, ಬೆಂಗಳೂರು ಬಿಟ್ಟು ದೊಡ್ಡ ಊರುಗಳಿಗೆ 1976ರ ಮಹಾನಗರ ಪಾಲಿಕೆಗಳ ಕಾಯ್ದೆ. ಪುರಸಭೆಯಾಗಲಿ ಪಾಲಿಕೆಯಾಗಲಿ ಯಾವ ತೆರಿಗೆ ಹಾಕಬಹುದು, ಎಷ್ಟರಿಂದ ಎಷ್ಟರವರೆಗೆ ಹಾಕಬಹುದು ಅನ್ನುವುದು ಅಲ್ಲೇ ಬರೆದಿದೆ. ಈ ಕಾಯ್ದೆಗಳಿಗೆ ತಿದ್ದುಪಡಿ ಅಂತ ಸುದ್ದಿ ಬಂದಾಗಲೆಲ್ಲ ನಮಗೆ ಹುಟ್ಟುವ ಪ್ರಶ್ನೆ ಒಂದೇ: ಕಂದಾಯ ಜಾಸ್ತಿ ಆಗುತ್ತಾ? ಸಹಜವೇ. ಅದರ ಜೊತೆಗೆ ಇನ್ನೊಂದು ಕೇಳಬೇಕು ಅಂತ ನನಗನ್ನಿಸುತ್ತದೆ. ಈ ತಿದ್ದುಪಡಿಯಿಂದ ನಮ್ಮೂರಿನ ಕೌನ್ಸಿಲ್ ಕೈಗೆ ಏನಾದರೂ ಬರುತ್ತಾ, ಅಥವಾ ಇದ್ದದ್ದೂ ಹೋಗುತ್ತಾ?

ಇದ್ದದ್ದು ಹೋದ ಕಥೆ ಹಳೆಯದು. ಊರೊಳಗೆ ಬರುವ ಸರಕಿನ ಮೇಲೆ ಮೊದಲು ಪುರಸಭೆಗಳು ಆಕ್ಟ್ರಾಯ್ ವಸೂಲು ಮಾಡುತ್ತಿದ್ದವು. ಊರ ಬಾಗಿಲಲ್ಲಿ ನಾಕಾ, ನಾಕಾದಲ್ಲಿ ಲಾರಿಗಳ ಸಾಲು, ಜೊತೆಗೆ ಕೈ ಬಿಸಿ ಮಾಡುವ ವ್ಯವಹಾರ. ತೆಗೆದದ್ದು ಒಳ್ಳೆಯದೇ ಆಯಿತು. 1979ರಲ್ಲಿ ಆಕ್ಟ್ರಾಯ್ ಹೋಗಿ ಅದರ ಜಾಗಕ್ಕೆ ಪ್ರವೇಶ ತೆರಿಗೆ ಬಂತು. ಆದರೆ ದಿನಾ ಸಂಜೆ ಪುರಸಭೆಯ ಗಲ್ಲಾಪೆಟ್ಟಿಗೆಗೆ ಬೀಳುತ್ತಿದ್ದ ದುಡ್ಡು ರಾಜ್ಯದ ಖಜಾನೆಗೆ ಹೋಗಿ, ಅಲ್ಲಿಂದ ಅನುದಾನ ಅನ್ನುವ ಹೆಸರಿನಲ್ಲಿ ವಾಪಸ್ ಬರತೊಡಗಿತು. 2017ರಲ್ಲಿ ಜಿಎಸ್‌ಟಿ ಬಂದು ಆ ಪ್ರವೇಶ ತೆರಿಗೆಯನ್ನೂ ನುಂಗಿತು. ಅದರ ಜೊತೆಗೇ ಜಾಹೀರಾತು ತೆರಿಗೆಯೂ ಹೋಯಿತು. ಬಸ್ ಸ್ಟ್ಯಾಂಡ್ ಸರ್ಕಲ್‌ನಲ್ಲಿ ನಾಲ್ಕು ದಿಕ್ಕಿಗೂ ಹೋರ್ಡಿಂಗ್ ಇರುತ್ತವೆ. ಅದರ ಮೇಲೆ ತೆರಿಗೆ ಅಂತ ಹಾಕುವ ಹಾಗಿಲ್ಲ, ಶುಲ್ಕ ಅಂತ ಹಾಕಿದರೆ ಕೋರ್ಟು. ವಾಹನ ತೆರಿಗೆ ಮೊದಲಿಂದಲೂ ರಾಜ್ಯದ್ದೇ. ಗಾಡಿ ಓಡುವುದು ಮಾತ್ರ ಪುರಸಭೆಯ ರಸ್ತೆ ಮೇಲೆ.

ಹಾಗಾಗಿ ಮುಖ್ಯವಾಗಿ ಕೈಯಲ್ಲಿ ಉಳಿದದ್ದು ಆಸ್ತಿ ತೆರಿಗೆ. ಅದು ಬಿಟ್ಟರೆ ನೀರಿನ ಬಿಲ್ಲು, ಅಂಗಡಿ ಮಳಿಗೆಗಳ ಬಾಡಿಗೆ, ಟ್ರೇಡ್ ಲೈಸೆನ್ಸ್, ಸಂತೆ ಸುಂಕ. ಉಳಿದದ್ದಕ್ಕೆಲ್ಲ ಎಸ್‌ಎಫ್‌ಸಿ ಅನುದಾನ, ಅಂದರೆ ರಾಜ್ಯ ಹಣಕಾಸು ಆಯೋಗದ ಲೆಕ್ಕದಲ್ಲಿ ಬರುವ ದುಡ್ಡು. ಅದರಲ್ಲೂ ವೇತನಕ್ಕೆ ಬೇರೆ, ವಿದ್ಯುತ್ತಿಗೆ ಬೇರೆ, ಮುಕ್ತನಿಧಿ ಬೇರೆ. ಚರಂಡಿ ಕಟ್ಟಲು, ಗುಂಡಿ ಮುಚ್ಚಲು ಕೌನ್ಸಿಲ್ ತನ್ನಿಷ್ಟದಂತೆ ಬಳಸಬಹುದಾದದ್ದು ಆ ಮುಕ್ತನಿಧಿ. ಯಾವ ಊರಿನ ಸದಸ್ಯರನ್ನೇ ಕೇಳಿ, ಅದು ಸಾಲುವುದಿಲ್ಲ ಅಂತಲೇ ಮಾತು ಶುರು ಮಾಡುತ್ತಾರೆ.

ಈಗ ಇತ್ತೀಚಿನ ತಿದ್ದುಪಡಿಗಳಿಗೆ ಬರೋಣ. 2021ರಲ್ಲಿ ಆಸ್ತಿ ತೆರಿಗೆಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಚಾಲ್ತಿ ಮಾರ್ಗಸೂಚಿ ದರಕ್ಕೆ, ಅಂದರೆ ನೋಂದಣಿಗೆ ಅಂತ ಸರ್ಕಾರ ಗೊತ್ತುಮಾಡಿದ ಆಸ್ತಿಯ ಬೆಲೆಗೆ, ಜೋಡಿಸಿದರು. ಇದರ ಹಿಂದೆ ದೆಹಲಿಯ ಒತ್ತಡವೂ ಇತ್ತು. ನಗರಗಳಿಗೆ ಅನುದಾನ ಬೇಕಾದರೆ ಆಸ್ತಿ ತೆರಿಗೆಗೆ ಕನಿಷ್ಠ ದರ ನಿಗದಿ ಮಾಡಿ, ರಾಜ್ಯದ ಉತ್ಪನ್ನ ಬೆಳೆದ ಹಾಗೆ ವಸೂಲಿಯೂ ಬೆಳೆಯಲಿ ಅಂತ 15ನೇ ಹಣಕಾಸು ಆಯೋಗ ಷರತ್ತು ಹಾಕಿತ್ತು. ಮಾರ್ಗಸೂಚಿ ದರ ಏರಿದರೆ ಮನೆ ಕಂದಾಯವೂ ತಾನಾಗಿ ಏರುತ್ತದೆ. ಕೌನ್ಸಿಲ್ ಸದಸ್ಯರಿಗೆ ಒಂದು ರೀತಿ ನೆಮ್ಮದಿ. "ನಾವು ಏರಿಸಿಲ್ಲ ಸ್ವಾಮಿ, ಸರ್ಕಾರ ಏರಿಸಿದ್ದು" ಅಂದುಬಿಡಬಹುದು. ನನಗೆ ಇಷ್ಟವಾಗದ್ದು ಇದೇ.

ಬೆಂಗಳೂರಿನ ದಾರಿ ಬೇರೆ. ಅಲ್ಲಿ 2008ರಿಂದ ಊರನ್ನು ಆರು ವಲಯ ಮಾಡಿ ಚದರಡಿಗೆ ಇಷ್ಟು ಅಂತ ಲೆಕ್ಕ. ದರ ಏರಿಸಿದ್ದು 2016ರಲ್ಲಿ. 2024ರ ಫೆಬ್ರವರಿಯಲ್ಲಿ ಅಲ್ಲಿಯೂ ಮಾರ್ಗಸೂಚಿ ದರಕ್ಕೆ ಜೋಡಿಸುತ್ತೇವೆ ಅಂತ ಕರಡು ಹೊರಡಿಸಿದರು. ವಿರೋಧ ಬಂತು, ಕೈಬಿಟ್ಟರು. ಅದೇ ವರ್ಷ ಒಂದು ಬಾರಿಯ ಇತ್ಯರ್ಥ ಯೋಜನೆ ತಂದು ಬಡ್ಡಿ, ದಂಡದಲ್ಲಿ ವಿನಾಯಿತಿ ಕೊಟ್ಟರು. ನವೆಂಬರ್ 30 ಕೊನೆಯ ದಿನ ಅಂದಾಗ ಜನ ಮುಗಿಬಿದ್ದು ಕಟ್ಟಿದರು. ಬಾಕಿ ಬಂತು, ಖುಷಿ. ಆದರೆ ಪ್ರತಿ ಏಪ್ರಿಲ್‌ನಲ್ಲಿ ಸಾಲಿನಲ್ಲಿ ನಿಂತು ಕಟ್ಟಿದವನಿಗೆ ಏನನ್ನಿಸಿರಬೇಡ? ಇಂಥ ಮಾಫಿ ಪದೇ ಪದೇ ಬಂದರೆ "ಸುಮ್ನೆ ಕಾಯೋಣ, ಇನ್ನೊಂದು ಸ್ಕೀಮ್ ಬರುತ್ತೆ" ಅನ್ನುವವರ ಸಂಖ್ಯೆಯೇ ಜಾಸ್ತಿ ಆಗುತ್ತದೆ.

ಇನ್ನು ಬಿ ಖಾತಾ, ಅಂದರೆ ಮಂಜೂರಾತಿ ಇಲ್ಲದ ಆಸ್ತಿಯನ್ನು ಕಂದಾಯಕ್ಕಾಗಿ ಬೇರೆಯಾಗಿ ಬರೆದಿಡುವ ಖಾತಾ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಗೊಂದಲ ಇರುವುದೇ ಇಲ್ಲಿ. ಊರ ಅಂಚಿನ ಹೊಲವನ್ನು ಬಡಾವಣೆ ಮಂಜೂರಾತಿ ಇಲ್ಲದೆ ಸೈಟು ಮಾಡಿ ಮಾರಿರುತ್ತಾರೆ. ನಾವು ರೆವಿನ್ಯೂ ಸೈಟು ಅನ್ನುತ್ತೇವಲ್ಲ, ಅದು. ಜನ ಚಿನ್ನ ಅಡ ಇಟ್ಟು ಕೊಂಡಿರುತ್ತಾರೆ, ಮನೆ ಕಟ್ಟಿರುತ್ತಾರೆ, ಕರೆಂಟು ಬಂದಿರುತ್ತದೆ. ಪುರಸಭೆ ಪುಸ್ತಕದಲ್ಲಿ ಮಾತ್ರ ಆ ಮನೆ ಇರುವುದೇ ಇಲ್ಲ. ಕಂದಾಯವೂ ಇಲ್ಲ, ಕಸದ ಗಾಡಿಯೂ ಇಲ್ಲ. 2025ರ ಫೆಬ್ರವರಿಯಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ ಖಾತಾ ಕೊಡುವ ಮೂರು ತಿಂಗಳ ಅಭಿಯಾನವನ್ನು ರಾಜ್ಯದ ಎಲ್ಲ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಶುರು ಮಾಡಿತು. ಮೊದಲ ವರ್ಷ ದುಪ್ಪಟ್ಟು ಕಂದಾಯ, ಆಮೇಲೆ ಮಾಮೂಲಿ ದರ ಅಂತ ಹೇಳಿತು.

ದಯವಿಟ್ಟು ಗಮನಿಸಿ. ಬಿ ಖಾತಾ ಸಿಕ್ಕಿತು ಅಂದರೆ ಮನೆ ಸಕ್ರಮ ಆಯಿತು ಅಂತಲ್ಲ. ಕಂದಾಯ ಕಟ್ಟಿದ ಮಾತ್ರಕ್ಕೆ ಸಕ್ರಮದ ಹಕ್ಕು ಬರುವುದಿಲ್ಲ. ಸಕ್ರಮ ಮಾಡುವುದಕ್ಕೇ ಬೇರೆ ಕಾನೂನು ತಂದಿದ್ದರು, ಅಕ್ರಮ ಸಕ್ರಮ. ಅದಕ್ಕೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ದಲ್ಲಾಳಿ ಯಾರಾದರೂ "ಬಿ ಖಾತಾ ಇದೆ, ಏನೂ ತೊಂದರೆ ಇಲ್ಲ" ಅಂದರೆ ಅಡ್ವಾನ್ಸ್ ಕೊಡುವ ಮೊದಲು ವಕೀಲರಿಗೆ ಕಾಗದ ತೋರಿಸಿ.

ನನ್ನ ಮಟ್ಟಿಗೆ ಬಿ ಖಾತಾ ಸರಿಯಾದ ಹೆಜ್ಜೆ. ಇರುವ ಮನೆಯನ್ನು ಇಲ್ಲ ಅಂತ ಬರೆದುಕೊಂಡು ಯಾರಿಗೂ ಲಾಭವಿಲ್ಲ. ಆದರೆ ದುಪ್ಪಟ್ಟು ಕಟ್ಟಿದ ಬೀದಿಗೆ ಚರಂಡಿ ಯಾವಾಗ ಬರುತ್ತದೆ ಅನ್ನುವುದು ಯಾವ ಸುತ್ತೋಲೆಯಲ್ಲಿದೆ? ಆ ಬಡಾವಣೆಗಳಿಂದ ಬಂದ ದುಡ್ಡಿನಲ್ಲಿ ಇಂತಿಷ್ಟು ಪಾಲು ಅಲ್ಲಿಯೇ ಖರ್ಚಾಗಬೇಕು ಅಂತ ತಿದ್ದುಪಡಿಯಲ್ಲೇ ಒಂದು ಸಾಲು ಸೇರಿಸಿದರೆ ಕಂದಾಯ ಕೊಡಲು ಜನ ಗೊಣಗುವುದು ಅರ್ಧ ಕಡಿಮೆಯಾಗುತ್ತದೆ.

ಕೊನೆಗೆ ಇನ್ನೊಂದು ವಿಷಯ. ತೆರಿಗೆ ಕಟ್ಟಿದವರು ಪ್ರಶ್ನೆ ಕೇಳಲು ಒಬ್ಬ ಸದಸ್ಯ ಬೇಕಲ್ವಾ? ಬೆಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಸಾವಿರಾರು ಕೋಟಿಯ ಬಜೆಟ್ ಮಂಡಿಸಿದವರು ಅಧಿಕಾರಿಗಳು. 1997ರಲ್ಲಿ ದೇಶದಲ್ಲೇ ಮೊದಲು 125 ಕೋಟಿ ರೂಪಾಯಿಯ ಪಾಲಿಕೆ ಬಾಂಡ್, ಅಂದರೆ ಸಾಲಪತ್ರ, ಹೊರಡಿಸಿದ ಊರು ಅದು! ಮೀಸಲಾತಿ ಪಟ್ಟಿ, ಕೋರ್ಟು ಅಂತ ಹಲವು ಪುರಸಭೆಗಳಲ್ಲೂ ಅಧ್ಯಕ್ಷರ ಕುರ್ಚಿ ಖಾಲಿ ಇದ್ದು ಆಡಳಿತಾಧಿಕಾರಿಗಳೇ ನಡೆಸಿದ ಕಾಲ ಇದೆ.

ಕಾನೂನು ಬದಲಾಗುವ ಮೊದಲು ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುವ ಸಂದರ್ಭಗಳು ಇರುತ್ತವೆ. ಬರೆಯುವವರು ಬಹುತೇಕ ಬಿಲ್ಡರ್‌ಗಳು, ಮಾಲ್ ಮಾಲೀಕರು, ವಕೀಲರು. ಮೂವತ್ತು ನಲವತ್ತರ ಸೈಟಿನವರು ಬರೆಯುವುದಿಲ್ಲ. ಕನ್ನಡದಲ್ಲಿ ಬರೆದರೆ ಸಾಕು, ಒಂದು ಪುಟ ಸಾಕು. ಪುರಸಭೆಯವರು ಬಜೆಟ್‌ಗೆ ಮೊದಲು ಸಾರ್ವಜನಿಕರ ಸಲಹಾ ಸಭೆ ಕರೆಯುತ್ತಾರೆ. ಅಲ್ಲಿಗೆ ಹೋಗುವಾಗ ರಸೀದಿ ಜೊತೆಗಿರಲಿ. ಆ ಮೂರು ಸೆಸ್‌ಗಳ ದುಡ್ಡು ಎಲ್ಲಿಗೆ ಹೋಯಿತು, ಕಳೆದ ವರ್ಷದ ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿದಾರರಲ್ಲಿ ಸರ್ಕಾರಿ ಕಚೇರಿಗಳೆಷ್ಟು ಅಂತ ಕೇಳಿ. ಮುಖ್ಯಾಧಿಕಾರಿಗಳ ಬಳಿ ಈ ಲೆಕ್ಕ ಇರಲೇಬೇಕು.

ನಮಸ್ಕಾರ.