ಮಂಗಳೂರಿನ ಸೆಖೆ ನೋಡಿದವರಿಗೆ ಮರುಭೂಮಿ ಯಾವ ಲೆಕ್ಕ?

ನಮಸ್ಕಾರ. ಮೊನ್ನೆ ಹಂಪನಕಟ್ಟೆಯಲ್ಲಿ ಪರಿಚಯದವರೊಬ್ಬರು ಸಿಕ್ಕಿದರು. ಮಕ್ಕಳ ಪರೀಕ್ಷೆ ಮುಗಿದಿದೆ, ಮೇ ತಿಂಗಳಲ್ಲಿ ದುಬೈಗೆ ತಮ್ಮನ ಮನೆಗೆ ಹೊರಟಿದ್ದಾರೆ. ಎರಡು ದಿನ ಮಾಲ್, ಒಂದು ದಿನ ಬುರ್ಜ್ ಖಲೀಫಾ, ಉಳಿದ ದಿನ ಮಕ್ಕಳನ್ನು ಕರೆದುಕೊಂಡು ಗುಡ್ಡ ಹತ್ತುವುದು ಅಂತ ಪ್ಲಾನ್. "ಮೇ ತಿಂಗಳಲ್ಲಿ ಗುಡ್ಡವಾ?" ಅಂತ ಕೇಳಿದೆ. "ಮಂಗಳೂರಿನ ಸೆಖೆ ನೋಡಿದವರಿಗೆ ಮರುಭೂಮಿ ಯಾವ ಲೆಕ್ಕ ಮಾರಾಯ್ರೆ" ಅಂದರು.

ನಗು ಬಂತು. ಯಾಕೆಂದರೆ ಇದೇ ಮಾತನ್ನು ಮೂರು ವರ್ಷದ ಹಿಂದೆ ಶಾರ್ಜಾದ ಅಕ್ಕನ ಮನೆಯಲ್ಲಿ ಕುಳಿತು ನಾನೂ ಹೇಳಿದ್ದೆ.

ಆವತ್ತು ನಾವು ಆರು ಜನ. ಅಕ್ಕ, ಬಾವ, ಅವರ ಮಗಳು, ನಾನು, ಇವರು, ಮತ್ತು ಆಗ ಏಳು ವರ್ಷದ ನಮ್ಮ ಮಗ. ಬೆಳಿಗ್ಗೆ ಇಡ್ಲಿ ತಿಂದು ಆರಾಮಾಗಿ ಹೊರಟೆವು. ಗುಡ್ಡದ ಬುಡ ತಲುಪುವಾಗ ಗಂಟೆ ಒಂಬತ್ತು. ಒಣಗಿದ ಹಳ್ಳದ ಒಳಗೆ ನಡೆಯುವ ದಾರಿ, ಅಲ್ಲಿ ಅದಕ್ಕೆ ವಾದಿ ಅನ್ನುತ್ತಾರೆ. ಅರ್ಧ ಗಂಟೆ ನಡೆದ ಮೇಲೆ ನಾನು ಹೇಳಿದ್ದು ಏನು ಗೊತ್ತಾ? "ಎಷ್ಟು ಒಳ್ಳೆ ಹವೆ ಅಕ್ಕ, ಒಂದು ಹನಿ ಬೆವರಿಲ್ಲ."

ಬೆವರಿರಲಿಲ್ಲ ಅಂತಲ್ಲ. ಬೆವರು ಕಾಣಿಸುತ್ತಿರಲಿಲ್ಲ, ಅಷ್ಟೇ.

ನಮ್ಮ ಊರಿನಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ. ಮೈಯ ಬೆವರಿಗೆ ಆರುವುದಕ್ಕೆ ಜಾಗವೇ ಇಲ್ಲ. ಅದು ಸುರಿಯುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ, ನಾವು ಬೈದುಕೊಂಡು ಫ್ಯಾನ್ ಕೆಳಗೆ ಕೂರುತ್ತೇವೆ. ಅಂದರೆ ನಮ್ಮ ಸೆಖೆ ಬೊಬ್ಬೆ ಹಾಕಿ ಬರುತ್ತದೆ. ಮರುಭೂಮಿಯ ಒಳನಾಡಿನ ಬಿಸಿ ಸದ್ದಿಲ್ಲದ್ದು. ಬೆವರು ಚರ್ಮದ ಮೇಲೆ ಬಂದ ಕೂಡಲೇ ಆರಿ ಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ. ಮೈಯಿಂದ ಲೀಟರ್‌ಗಟ್ಟಲೆ ನೀರು ಹೋದರೂ ಗೊತ್ತಾಗುವುದಿಲ್ಲ. ಸಂಜೆ ನನ್ನ ಕಪ್ಪು ಚೂಡಿದಾರದ ಮೇಲೆ ಬಿಳಿ ಗೆರೆ ಗೆರೆ ಇತ್ತು. ಉಪ್ಪು.

ಅದಕ್ಕೂ ಮೊದಲೇ ಮಗ ಸುಮ್ಮನಾಗಿದ್ದ. ಅವನು ಮಾತಿನ ಮಲ್ಲ. ಕಾರಿನಲ್ಲಿ ಪೂರ್ತಿ ಒಂಟೆ ಎಣಿಸುತ್ತಾ ತಲೆ ತಿಂದವನು. ಅವನ ಬಾಯಿ ನಿಂತಾಗ ನಾವು "ಪಾಪ, ಸುಸ್ತಾಗಿದೆ" ಅಂದುಕೊಂಡೆವು. ಬಾವನಿಗೆ ಅಲ್ಲಿಯ ಅನುಭವ ಉಂಟು, ಅವರು ಮುಖ ನೋಡಿದ ಕೂಡಲೇ ಬಂಡೆಯ ನೆರಳಿನಲ್ಲಿ ಕೂರಿಸಿದರು. ಹೆಗಲಲ್ಲಿದ್ದ ಬೈರಾಸನ್ನು, ಅಂದರೆ ತೆಳು ಟವೆಲನ್ನು, ಕುಡಿಯುವ ನೀರಿನಲ್ಲೇ ನೆನೆಸಿ ಕುತ್ತಿಗೆಗೆ ಸುತ್ತಿದರು, ಗುಟುಕು ಗುಟುಕಾಗಿ ನೀರು ಕುಡಿಸಿದರು. ಕಾಲು ಗಂಟೆ ಆದ ಮೇಲೆ ಅವನು "ಇನ್ನೂ ಎಷ್ಟು ದೂರ?" ಅಂತ ಜಗಳ ಶುರು ಮಾಡಿದ. ಜೀವನದಲ್ಲಿ ಅವನ ಜಗಳ ಅಷ್ಟು ಚಂದ ಕೇಳಿಸಿದ್ದು ಅದೊಂದೇ ಸಲ. ಅಲ್ಲಿಂದಲೇ ವಾಪಸ್ ಬಂದೆವು.

ಆ ಬೈರಾಸಿನ ಬಗ್ಗೆ ಹೇಳಲೇಬೇಕು. ಒದ್ದೆ ಬಟ್ಟೆ ಕುತ್ತಿಗೆಗೆ ಹಾಕಿದರೆ ಮಂಗಳೂರಿನಲ್ಲಿ ಅಂಗಿ ಒದ್ದೆ ಆಗಬಹುದೇ ಹೊರತು ತಂಪೇನೂ ಅಷ್ಟು ಆಗುವುದಿಲ್ಲ. ಒಣ ಗಾಳಿಯಲ್ಲಿ ಅದು ಮಣ್ಣಿನ ಹೂಜಿಯ ಹಾಗೆ ಕೆಲಸ ಮಾಡುತ್ತದೆ. ನೀರು ಆರುತ್ತಾ ಆರುತ್ತಾ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಈಗ ನಾನು ತಲೆಗೊಂದು ಬೈರಾಸು ಲೆಕ್ಕ ಹಾಕಿ ಪೆಟ್ಟಿಗೆಗೆ ಹಾಕುತ್ತೇನೆ. ಹಾಳೆಯ ಟೊಪ್ಪಿ ಮುಟ್ಟಾಳೆಯೂ ತೆಗೆದುಕೊಂಡು ಹೋಗಬೇಕು ಅಂತ ಆಸೆ, ಬಜ್ಪೆ ಏರ್‌ಪೋರ್ಟಿನಲ್ಲಿ ಮಗನಿಗೆ ಮರ್ಯಾದೆ ಹೋಗುತ್ತದಂತೆ.

ಉಡುಪಿನ ವಿಷಯದಲ್ಲೂ ನಮ್ಮ ಬುದ್ಧಿ ಉಲ್ಟಾ. ಸೆಖೆ ಅಂದರೆ ನಾವು ಬನಿಯನ್, ಚಡ್ಡಿಗೆ ಇಳಿಯುತ್ತೇವೆ. ಅಲ್ಲಿಯ ಊರ ಗಂಡಸರು ಅಡಿಯಿಂದ ಮುಡಿವರೆಗೆ ಸಡಿಲವಾದ ಬಿಳಿ ಬಟ್ಟೆ ಹಾಕುತ್ತಾರೆ. ನಮ್ಮ ಚರ್ಮ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದರೆ ಬೀಸುವ ಗಾಳಿಯೇ ನಮ್ಮನ್ನು ಕಾಯಿಸುತ್ತದೆ. ಮಕ್ಕಳಿಗೆ ಇನ್ನೂ ಕಷ್ಟ, ತೂಕಕ್ಕೆ ಹೋಲಿಸಿದರೆ ಅವರ ಚರ್ಮ ಜಾಸ್ತಿ, ಬೇಗ ಬಿಸಿಯಾಗುತ್ತಾರೆ. ತುಂಬು ತೋಳಿನ ತೆಳು ಹತ್ತಿ ಅಂಗಿ ಹಾಕಿಸಿ. ಕಾಲಿಗೆ ಶೂ. ಹವಾಯಿ ಚಪ್ಪಲಿಯಲ್ಲಿ ಕೊಡಚಾದ್ರಿ ಹತ್ತಿದ ಕಥೆ ಅಲ್ಲಿ ಬೇಡ.

ಹಾಗಾದರೆ ಬೇಸಿಗೆಯಲ್ಲಿ ಅಲ್ಲಿ ನಡೆಯಲೇಬಾರದಾ? ಅಕ್ಕ ಈಗ ಆ ಪಕ್ಷ. ಮೇಯಿಂದ ಸೆಪ್ಟೆಂಬರ್‌ವರೆಗೆ ಮಾಲ್ ಬಿಟ್ಟು ಬೇರೆ ಕಡೆ ಕಾಲಿಡುವುದಿಲ್ಲ. ನನಗೆ ಅದೂ ಒಪ್ಪಿಗೆ ಇಲ್ಲ. ಅಷ್ಟು ದೂರ ಹೋಗಿ ಮಕ್ಕಳಿಗೆ ಎಸ್ಕಲೇಟರ್ ತೋರಿಸಿ ಬರುವುದು ಯಾವ ಸುಖಕ್ಕೆ? ನಡೆಯಬಹುದು. ಆದರೆ ನಾವು ದೂರದ ಲೆಕ್ಕ ಹಾಕುತ್ತೇವೆ, ಐದು ಕಿಲೋಮೀಟರ್, ಎಂಟು ಕಿಲೋಮೀಟರ್ ಅಂತ. ಅಲ್ಲಿ ಹಾಕಬೇಕಾದ್ದು ಎತ್ತರದ ಲೆಕ್ಕ, ಗಡಿಯಾರದ ಲೆಕ್ಕ, ನೆರಳಿನ ಲೆಕ್ಕ.

ಎತ್ತರದಿಂದ ಶುರು ಮಾಡುತ್ತೇನೆ. ಸಾವಿರ ಮೀಟರ್ ಮೇಲೆ ಹೋದರೆ ಆರೇಳು ಡಿಗ್ರಿ ಇಳಿಯುತ್ತದೆ, ಒಣ ಗಾಳಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ. ಯುಎಇಯ ರಾಸ್ ಅಲ್ ಖೈಮಾದ ಜಬಲ್ ಜೈಸ್ ಬೆಟ್ಟ 1934 ಮೀಟರ್. ನಮ್ಮ ಕುದುರೆಮುಖ 1894. ಹೆಚ್ಚುಕಡಿಮೆ ಒಂದೇ ಎತ್ತರ! ಆದರೆ ಜೈಸ್‌ಗೆ ತುದಿಯ ಹತ್ತಿರದವರೆಗೂ ಚಂದದ ಡಾಂಬರು ರಸ್ತೆ ಉಂಟು. ಕಾರಿನಲ್ಲಿ ಹತ್ತಿ, ಮೇಲೆ ಮುಕ್ಕಾಲು ಗಂಟೆ ತಿರುಗಾಡಿ ಇಳಿಯಿರಿ. ಇದು ಚಾರಣವಾ ಅಂತ ಮೂಗು ಮುರಿಯುವವರು ಮುರಿಯಲಿ.

ಒಮಾನ್‌ಗೆ ಹೋಗುವುದಾದರೆ ಜಬಲ್ ಅಖ್ದರ್. ಅಲ್ಲಿಯ ಸೈಕ್ ಪ್ರಸ್ಥಭೂಮಿ ಸುಮಾರು 2000 ಮೀಟರ್ ಎತ್ತರದಲ್ಲಿದೆ. ಕೆಳಗೆ ಮಸ್ಕತ್‌ನಲ್ಲಿ 42 ಡಿಗ್ರಿ ಇರುವಾಗ ಮೇಲೆ 30ರ ಆಸುಪಾಸು. ಬಿರ್ಕತ್ ಅಲ್ ಮೌಜ್ ಹತ್ತಿರ ಪೊಲೀಸ್ ಚೆಕ್‌ಪೋಸ್ಟ್ ಇದೆ, ಫೋರ್ ವೀಲ್ ಡ್ರೈವ್ ಗಾಡಿ ಇಲ್ಲದೆ ಮೇಲೆ ಬಿಡುವುದಿಲ್ಲ. ದುಬೈಯಿಂದ ಬಾಡಿಗೆ ಕಾರು ತೆಗೆದುಕೊಂಡು ಹೋಗುವವರು ಒಮಾನ್ ಇನ್ಶೂರೆನ್ಸ್ ಕೇಳಿ ಮಾಡಿಸಿಕೊಳ್ಳಿ.

ಅಲ್ಲಿ ಗುಡ್ಡದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೋಟಗಳಿವೆ. ಗುಲಾಬಿ, ದಾಳಿಂಬೆ, ವಾಲ್‌ನಟ್. ಏಪ್ರಿಲ್ ಹೊತ್ತಿಗೆ ಗುಲಾಬಿ ಕೊಯ್ದು ಪನ್ನೀರು ಇಳಿಸುತ್ತಾರೆ. ತೋಟಗಳಿಗೆ ನೀರು ಬರುವುದು ಫಲಜ್ ಎಂಬ ಕಾಲುವೆಗಳಲ್ಲಿ. ಕೆಲವು ಕಡೆ ಭೂಮಿಯ ಒಳಗೆ ಸುರಂಗ ಕೊರೆದು, ಪಂಪ್ ಇಲ್ಲದೆ, ಇಳಿಜಾರಿನಲ್ಲೇ ನೀರನ್ನು ಊರಿಗೆ ತರುತ್ತಾರೆ. ಒಮಾನ್‌ನ ಐದು ಫಲಜ್‌ಗಳು 2006ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಒಂದು ಆ ಬಿರ್ಕತ್ ಅಲ್ ಮೌಜ್‌ನಲ್ಲೇ ಉಂಟು.

ಈಗ ಬಂಟ್ವಾಳ, ಕಾಸರಗೋಡು ಕಡೆಯವರು ಹೇಳಿ, ಇದು ಎಲ್ಲೋ ನೋಡಿದ ಹಾಗಿಲ್ವಾ? ನಮ್ಮ ಅಜ್ಜಿ ಮನೆಯ ಹಿಂದೆ ಮುರಕಲ್ಲು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಇದೆ. ಅದರಿಂದ ಸಣ್ಣಗೆ ಬರುವ ನೀರು ಕೆರೆಗೆ, ಅಲ್ಲಿಂದ ಅಡಿಕೆ ತೋಟಕ್ಕೆ. ಮಗನಿಗೆ ಫಲಜ್ ತೋರಿಸಿ ನಾನು ಏನೂ ಹೇಳಬೇಕಾಗಿ ಬರಲಿಲ್ಲ. "ಇದು ಅಜ್ಜಿ ಮನೆಯ ಸುರಂಗ" ಅಂದ.

ಕುಟುಂಬದ ಜತೆ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಗುಡ್ಡ ಹುಡುಕಬೇಡಿ, ತೋಟ ಹುಡುಕಿ. ಫಲಜ್ ಹೋದಲ್ಲೆಲ್ಲ ಮರ ಇರುತ್ತದೆ, ಮರ ಇದ್ದಲ್ಲಿ ನೆರಳು. ಕಾಲುವೆ ನಿಧಾನವಾಗಿ ಇಳಿಯಬೇಕಲ್ಲ, ಹಾಗಾಗಿ ಪಕ್ಕದ ದಾರಿಯೂ ಹೆಚ್ಚುಕಡಿಮೆ ಸಮತಟ್ಟು. ಒಮಾನ್‌ನ ಮಿಸ್ಫಾತ್ ಅಲ್ ಅಬ್ರಿಯೀನ್ ಊರಿನಲ್ಲಿ ಹೀಗೆ ಮಣ್ಣಿನ ಮನೆಗಳ ನಡುವೆ, ಖರ್ಜೂರದ ಮರಗಳ ಕೆಳಗೆ ನಡೆಯಬಹುದು. ಗಡಿ ದಾಟುವ ರಗಳೆ ಬೇಡ ಅನ್ನುವವರಿಗೆ ಯುಎಇಯಲ್ಲೇ ಅಲ್ ಐನ್ ಓಯಸಿಸ್ ಇದೆ, ಖರ್ಜೂರದ ದೊಡ್ಡ ತೋಟ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಮಧ್ಯಾಹ್ನದ ಹೊತ್ತು ಅಡಿಕೆ ತೋಟದ ಒಳಗೆ ಹೋದ ಹಾಗೆ, ಮೈಗೇ ಗೊತ್ತಾಗುತ್ತದೆ. ಅಮ್ಮನ ಮಂಡಿ ನೋವಿಗೂ ಆ ದಾರಿ ಸಾಕು.

ಇನ್ನು ಗಡಿಯಾರ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲಿನಲ್ಲಿ ಕೂಲಿ ಕೆಲಸ ಮಾಡಿಸಬಾರದು ಅಂತ ಕಾನೂನಿದೆ. ಅಮೆರಿಕದ ಗ್ರಾಂಡ್ ಕ್ಯಾನಿಯನ್‌ನಲ್ಲಿ ಇನ್ನೂ ಬಿಗಿ. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಕಣಿವೆಯೊಳಗೆ ನಡೆಯಬೇಡಿ ಅಂತ ಅಲ್ಲಿಯ ಪಾರ್ಕಿನವರೇ ಹೇಳುತ್ತಾರೆ. ಮಕ್ಕಳಿದ್ದರೆ ನನ್ನ ಲೆಕ್ಕ ಎಂಟೂವರೆ. ಎಂಟೂವರೆಗೆ ಎಲ್ಲರೂ ಕಾರಿನ ಒಳಗಿರಬೇಕು. ಜೂನ್‌ನಲ್ಲಿ ದುಬೈಯಲ್ಲಿ ಐದೂವರೆಗೇ ಸೂರ್ಯ ಹುಟ್ಟುತ್ತದೆ, ಐದಕ್ಕೇ ಬೆಳಕು. ಸಂಜೆ ಹೋಗಬಹುದಲ್ವಾ ಅಂತ ಕೇಳುತ್ತಾರೆ. ಬಂಡೆಗಳು ಹಗಲಿಡೀ ಕುಡಿದ ಬಿಸಿಯನ್ನು ಸಂಜೆ ಕಕ್ಕುತ್ತವೆ, ಕಾದ ಕಾವಲಿಯ ಪಕ್ಕ ನಿಂತ ಹಾಗೆ. ಕತ್ತಲಾದ ಮೇಲೆ ಹಾವು, ಚೇಳು ಹೊರಗೆ ಬರುವ ಹೊತ್ತೂ ಅದೇ. ಬೆಳಗ್ಗಿನ ಜಾವವೇ ಸರಿ. ಆದರೆ ಮಕ್ಕಳನ್ನು ಮೂರೂವರೆಗೆ ಎಬ್ಬಿಸಿ ಕಾರಿನಲ್ಲಿ ತುಂಬಿಸುವುದು ಯಾರಿಗೆ ಬೇಕು? ಹಿಂದಿನ ರಾತ್ರಿಯೇ ಮೇಲೆ ಹೋಗಿ ಮಲಗಿ. ಯಾವುದೋ ಒಂದು ಟಿಕೆಟ್ ಕಡಿಮೆ ಮಾಡಿ ಆ ದುಡ್ಡನ್ನು ಬೆಟ್ಟದ ಮೇಲಿನ ಒಂದು ರಾತ್ರಿಗೆ ಹಾಕಿ.

ದುಬೈ, ಅಬುಧಾಬಿಯ ಕಡಲ ಬದಿಯಲ್ಲಿ ಮಾತ್ರ ಬೆಳಗ್ಗಿನ ಜಾವದ ಸೂತ್ರವೂ ಅಷ್ಟಕ್ಕಷ್ಟೆ. ಆಗಸ್ಟ್‌ನಲ್ಲಿ ಅಲ್ಲಿ ನಸುಕಿನಲ್ಲೂ 30 ದಾಟಿರುತ್ತದೆ, ಜತೆಗೆ ನಮ್ಮ ಊರಿನದ್ದೇ ಅಂಟು. ಎರಡೂ ಊರಿನ ಸೆಖೆ ಒಂದೇ ಟಿಕೆಟ್‌ನಲ್ಲಿ.

ವಾದಿಗಳ ಬಗ್ಗೆ ಒಂದು ಎಚ್ಚರಿಕೆ. ಗಡಾಯಿಕಲ್ಲು ಇರಲಿ, ಕುದುರೆಮುಖ ಇರಲಿ, ನಾವು ಮೊದಲು ಹತ್ತುತ್ತೇವೆ. ಸುಸ್ತಾದಾಗ ಇಳಿಯುವುದೇ ಬಾಕಿ. ಕಣಿವೆಯಲ್ಲಿ ತಿರುಗಾಮುರುಗ. ಬೆಳಿಗ್ಗೆ ತಂಪಿನಲ್ಲಿ ಖುಷಿಯಾಗಿ ಇಳಿದು ಹೋಗುತ್ತೀರಿ, ಬಿಸಿಲೇರಿದ ಮೇಲೆ, ನೀರು ಮುಗಿಯುತ್ತಾ ಬಂದಾಗ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತಬೇಕು. ಮತ್ತೆ ಬೇಸಿಗೆಯ ಮಧ್ಯಾಹ್ನ ಯುಎಇ, ಒಮಾನ್‌ನ ಹಜರ್ ಬೆಟ್ಟಗಳ ಮೇಲೆ ಒಮ್ಮೊಮ್ಮೆ ಮೋಡ ಕಟ್ಟುತ್ತದೆ. ಮಳೆ ಎಲ್ಲೋ ಮೇಲೆ ಬೀಳುತ್ತದೆ, ನೀರು ಮಾತ್ರ ನೀವು ನಿಂತ ಒಣ ಹಳ್ಳಕ್ಕೆ ನುಗ್ಗುತ್ತದೆ. ಮೋಡ ಕಂಡರೆ ಹಳ್ಳ ಬಿಡಿ. ಕೆಲವು ಕಡೆ ಫೋನ್ ಸಿಗ್ನಲ್ ಇರುವುದಿಲ್ಲ, ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಗಂಟೆಗೆ ಬರುತ್ತೀರಿ ಅಂತ ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೊರಡಿ.

ನೀರು ದೊಡ್ಡವರಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್. ಅರ್ಧ ಖಾಲಿಯಾಗುವ ಮೊದಲೇ ತಿರುಗಿ. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಬೇರೆಯೇ ತೊಂದರೆ ಆಗುತ್ತದೆ, ಹಾಗಾಗಿ ಜತೆಗೆ ಉಪ್ಪು ಬೇಕು. ನಾವು ಒಂದು ಫ್ಲಾಸ್ಕ್‌ನಲ್ಲಿ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಒಯ್ಯುತ್ತೇವೆ, ಇನ್ನೊಂದರಲ್ಲಿ ಪುನರ್ಪುಳಿ. ಇದೆಲ್ಲ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಅಷ್ಟೇ ಓಆರ್‌ಎಸ್.

ಯಾರಾದರೂ ತಡವರಿಸಿ ಮಾತಾಡಿದರೆ, ಅಸಂಬದ್ಧ ಉತ್ತರ ಕೊಟ್ಟರೆ, ಅದು ಬರೀ ಸುಸ್ತಲ್ಲ. ನೆರಳಿಗೆ ಎಳೆಯಿರಿ, ಮೈ ಪೂರ್ತಿ ಒದ್ದೆ ಮಾಡಿ ಗಾಳಿ ಬೀಸಿ, ಫೋನ್ ಮಾಡಿ. ಯುಎಇಯಲ್ಲಿ ಆಂಬುಲೆನ್ಸ್ 998, ಒಮಾನ್‌ನಲ್ಲಿ ತುರ್ತು ನಂಬರ್ 9999.

ಜುಲೈ, ಆಗಸ್ಟ್‌ನಲ್ಲಿ ರಜೆ ಸಿಗುವ ಅಲ್ಲಿಯ ಮಕ್ಕಳಿಗೆ ಒಮಾನ್‌ನ ದಕ್ಷಿಣದ ಊರು ಸಲಾಲಾ ಉಂಟು. ನಮ್ಮಲ್ಲಿ ಆಟಿಯ ಮಳೆ ಸುರಿಸುವ ಮುಂಗಾರಿನ ಅದೇ ವ್ಯವಸ್ಥೆ ಅಲ್ಲಿ ಮಂಜು, ತುಂತುರು ಹನಿ ತರುತ್ತದೆ, ಅದಕ್ಕೆ ಖರೀಫ್ ಅನ್ನುತ್ತಾರೆ. ಗುಡ್ಡ ಎಲ್ಲ ಹಸಿರಾಗಿ, ಬಿಸಿ 25ರ ಹತ್ತಿರ ನಿಲ್ಲುತ್ತದೆ. ಆದರೆ ಮಂಗಳೂರಿನಿಂದ ಆಟಿಯಲ್ಲಿ ಮಳೆ ನೋಡಲು ಸಲಾಲಾಗೆ ಹೋಗುವುದು ಅಂದರೆ ಉಡುಪಿಯವರು ಮಸಾಲೆ ದೋಸೆ ತಿನ್ನಲು ಫ್ಲೈಟ್ ಹತ್ತಿದ ಹಾಗೆ.

ಈ ಸಲ ನಾವು ಅಮ್ಮನನ್ನೂ ಕರೆದುಕೊಂಡು ಜಬಲ್ ಅಖ್ದರ್‌ಗೆ ಹೊರಟಿದ್ದೇವೆ. ಗುಲಾಬಿ ಮುಗಿದಿರಬಹುದು, ಇರಲಿ. ನಿನ್ನೆ ರಾತ್ರಿ ಅಮ್ಮ ಚೀಲಕ್ಕೆ ಗಂಜಿ ಅಕ್ಕಿ ಕಟ್ಟುತ್ತಾ, ಒಟ್ಟು ಎಷ್ಟು ನಡೆಯಲಿಕ್ಕುಂಟು ಅಂತ ಕೇಳಿದರು. ಕಾಲುವೆಯ ಬದಿಯಲ್ಲಿ ಒಂದು ಗಂಟೆ, ಅದೂ ಬೆಳಿಗ್ಗೆ ಆರಕ್ಕೆ, ಅಂದೆ.

"ಅಷ್ಟೇಯಾ? ನಾನು ದಿನಾ ತೋಟಕ್ಕೆ ನೀರು ಬಿಡುವಾಗ ಅದಕ್ಕಿಂತ ಜಾಸ್ತಿ ನಡೆಯುತ್ತೇನಲ್ಲ" ಅಂದರು.