ತಿರುಗಾಟದ ಡಿಸ್ಕ್, ಮನೆಯ ಡಿಸ್ಕ್

ಎಲ್ಲರಿಗೂ ನಮಸ್ಕಾರ.

ತಿರುಗಾಟದ ಋತು ಮುಗಿಯುವ ಪತ್ತನಾಜೆ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿವೆ, ಮಳೆ ಹಿಡಿದಿದೆ. ಆಟ ರೆಕಾರ್ಡ್ ಮಾಡುವ ನಮ್ಮಂಥವರು ಕ್ಯಾಮೆರಾ ಒರೆಸಿ ಒಳಗಿಟ್ಟು, ಆರು ತಿಂಗಳು ಕೂಡಿಹಾಕಿದ್ದನ್ನು ವಿಂಗಡಿಸಲು ಕೂರುವ ಹೊತ್ತು ಇದು. ಜನವರಿಯಲ್ಲಿ ಮಾಡಿದ ಒಂದಿಡೀ ರಾತ್ರಿಯ ರೆಕಾರ್ಡಿಂಗ್ ಎಲ್ಲೂ ಇಲ್ಲ ಅಂತ ಕೆಲವರಿಗೆ ಗೊತ್ತಾಗುವುದೂ ಇದೇ ಹೊತ್ತಿನಲ್ಲಿ. ಅದಕ್ಕೇ ಸಂಘಟಕರು ಕ್ಯಾಮೆರಾ ಬಗ್ಗೆ ಮಾತಾಡಿ ಅಂದಾಗ, ಬೇಡ, ಹಾರ್ಡ್ ಡಿಸ್ಕ್ ಬಗ್ಗೆ ಮಾತಾಡುತ್ತೇನೆ ಅಂತ ಕೇಳಿಕೊಂಡೆ.

ಒಂಬತ್ತು ವರ್ಷದ ಹಿಂದಿನ ಮಾತು. ಒಂದು ಬಯಲಾಟ. ವಯಸ್ಸಾದ ಭಾಗವತರೊಬ್ಬರು ಬೆಳಗಿನ ಜಾವದ ಭಾಗಕ್ಕೆ ಜಾಗಟೆ ಹಿಡಿದು ಕೂತಿದ್ದರು. ಸ್ವರ ಸ್ವಲ್ಪ ಒಡೆದಿತ್ತು, ಆದರೆ ಪದ ಎತ್ತುವ ಆ ಗತ್ತು ಹಾಗೇ ಇತ್ತು. ಮಂಗಳ ಮುಗಿಯುವಾಗ ಬೆಳಕು ಹರಿದಿತ್ತು. ಕಲಾವಿದರು ಬಣ್ಣ ಹಚ್ಚುವ ಚೌಕಿಯಲ್ಲಿ ವೇಷದ ಪೆಟ್ಟಿಗೆಯೊಂದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಇಟ್ಟು, ಎರಡೂ ಮೆಮೊರಿ ಕಾರ್ಡ್ ಕಾಪಿ ಮಾಡಿದೆ. ಅಂದು ಸಂಜೆ ಬೇರೆ ಊರಿನಲ್ಲಿ ಆಟವಿತ್ತು, ಹಾಗಾಗಿ ಕಾರ್ಡ್‌ಗಳನ್ನು ಅಲ್ಲೇ ಫಾರ್ಮ್ಯಾಟ್ ಮಾಡಿದೆ. ಡಿಸ್ಕ್ ಇನ್ನೂ ತಿರುಗುತ್ತಿತ್ತು, ಒಂದು ಫೈಲ್ ತೆರೆದು ನೋಡುತ್ತಿದ್ದೆ. ಅಷ್ಟರಲ್ಲಿ ಲಾರಿಗೆ ಪೆಟ್ಟಿಗೆ ಹೇರುವವರು ಬಂದರು. "ಅಣ್ಣ, ಒಂಚೂರು ಏಳಿ" ಅಂದರು. ನಾನು ಲ್ಯಾಪ್‌ಟಾಪ್ ಎತ್ತಿಕೊಂಡೆ, ಕೇಬಲ್ ಎಳೆಯಿತು, ಡಿಸ್ಕ್ ಕೆಳಗೆ ಬಿತ್ತು. ಒಂದೂವರೆ ಅಡಿ ಎತ್ತರ, ಕೆಳಗೆ ಗದ್ದೆಯ ಮಣ್ಣು. ಎತ್ತಿ ಕಿವಿಗೆ ಹಿಡಿದರೆ ಒಳಗಿನಿಂದ ಟಿಕ್, ಟಿಕ್, ಟಿಕ್.

ಇಲ್ಲಿ ನಾನು ಮಾಡಿದ ತಪ್ಪು ಒಂದಲ್ಲ. ಕ್ಯಾಮೆರಾದಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಹೆಚ್ಚಾಗಿ ಅಳಿಸಿಹೋಗುವುದು ಫೈಲ್‌ಗಳ ಪಟ್ಟಿ ಮಾತ್ರ. ಆ ಕಾರ್ಡ್‌ಗಳನ್ನು ಮುಟ್ಟದೆ ತೆಗೆದಿಟ್ಟಿದ್ದರೆ ರಿಕವರಿ ಸಾಫ್ಟ್‌ವೇರ್‌ನಿಂದ ಬಹುಪಾಲು ವಾಪಸ್ ಸಿಗುತ್ತಿತ್ತು. ನನಗದು ಗೊತ್ತಿರಲಿಲ್ಲ, ಸಂಜೆ ಅದೇ ಕಾರ್ಡ್‌ಗಳ ಮೇಲೆ ಬೇರೆ ಆಟ ತುಂಬಿಸಿದೆ. ಇನ್ನೊಂದು, ಟಿಕ್ ಟಿಕ್ ಅನ್ನುವ ಡಿಸ್ಕನ್ನು ಮನೆಯಲ್ಲಿ ಹತ್ತು ಸಲ ಹಚ್ಚಿ ನೋಡಿದೆ. ಆಮೇಲೆ ರಿಕವರಿಯವರ ಹತ್ತಿರ ಕೊಟ್ಟಾಗ ಅವರು ಬಿಚ್ಚಿ ತೋರಿಸಿದರು, ಹಚ್ಚಿದಷ್ಟೂ ಸಲ ಡೇಟಾ ಓದುವ ಹೆಡ್ ಒಳಗಿನ ತಟ್ಟೆಯನ್ನು ಕೆರೆದಿತ್ತು. ಭಾಗವತರು ಮುಂದಿನ ತಿರುಗಾಟಕ್ಕೆ ಬರಲಿಲ್ಲ. ತೀರಿಕೊಂಡರು.

ಆ ಡಿಸ್ಕ್‌ನೊಳಗೆ ಏನಿರುತ್ತದೆ ಅಂತ ಗೊತ್ತಿದ್ದಿದ್ದರೆ ನಾನು ಅದನ್ನು ಹಾಗೆ ಇಡುತ್ತಿರಲಿಲ್ಲ. ಅಂಗೈಯಗಲದ ಸಾದಾ ಹಾರ್ಡ್ ಡಿಸ್ಕ್‌ನಲ್ಲಿ ಕನ್ನಡಿಯಂಥ ತಟ್ಟೆಗಳಿವೆ. ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90. ಓದುವ, ಬರೆಯುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆ ತಿರುಗುವಾಗ ಏಳುವ ಗಾಳಿಯ ತೆಳು ಪದರದ ಮೇಲೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ಕೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೂ ಒಂದು ಪಾಲು ಆ ಸಂದಿಯಲ್ಲಿ ಹಿಡಿಸುವುದಿಲ್ಲ. ಆಫ್ ಆದಾಗ ಹೆಡ್ ಪಕ್ಕಕ್ಕೆ ಸರಿದು ಭದ್ರವಾಗಿ ಕೂರುತ್ತದೆ. ಹಾಗಾಗಿ ಚೀಲದೊಳಗಿನ ಡಿಸ್ಕ್ ಸಣ್ಣಪುಟ್ಟ ಏಟು ತಡೆಯುತ್ತದೆ, ತಿರುಗುತ್ತಿರುವ ಡಿಸ್ಕ್ ತಡೆಯುವುದಿಲ್ಲ.

ಇನ್ನೊಂದು ಬಗೆಯ ಡಿಸ್ಕ್ ಎಸ್‌ಎಸ್‌ಡಿ. ಅದರಲ್ಲಿ ತಿರುಗುವುದೂ ಇಲ್ಲ, ತೇಲುವುದೂ ಇಲ್ಲ. ಚಿಪ್‌ನೊಳಗೆ ವಿದ್ಯುತ್ ಕಣಗಳನ್ನು ಹಿಡಿದಿಟ್ಟು ನೆನಪು ಇಟ್ಟುಕೊಳ್ಳುತ್ತದೆ. ಚೌಕಿಯಲ್ಲಿ ಬಿದ್ದದ್ದು ಎಸ್‌ಎಸ್‌ಡಿ ಆಗಿದ್ದರೆ ನಾನು ಮಣ್ಣು ಕೊಡವಿ ಮುಂದೆ ಹೋಗುತ್ತಿದ್ದೆ. ತಿರುಗಾಟಕ್ಕೆ ಒಯ್ಯುವುದು ಎಸ್‌ಎಸ್‌ಡಿಯೇ ಆಗಿರಲಿ ಅಂತ ಖಡಾಖಂಡಿತವಾಗಿ ಹೇಳುತ್ತೇನೆ. ಅಷ್ಟೇ ದುಡ್ಡಿಗೆ ಸಾದಾ ಡಿಸ್ಕ್‌ನಲ್ಲಿ ಎಷ್ಟೋ ಪಟ್ಟು ಜಾಗ ಸಿಗುತ್ತದೆ, ನಿಜ. ಆದರೆ ತಿರುಗಾಟದ ಡಿಸ್ಕ್‌ಗೆ ಅಷ್ಟು ಜಾಗ ಬೇಡ. ಲೆಕ್ಕ ಹಾಕಿ ನೋಡೋಣ.

ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ವಿಡಿಯೊ ಮಾಡಿದರೆ ಗಂಟೆಗೆ 45 ಜಿಬಿ. ಎಂಟು ಗಂಟೆಯ ಇಡೀ ರಾತ್ರಿಯ ಆಟಕ್ಕೆ 360 ಜಿಬಿ, ಕಾಲಮಿತಿಯ ಆಟವಾದರೆ ಸುಮಾರು ಅದರರ್ಧ. ಸೆಕೆಂಡಿಗೆ 25 ಮೆಗಾಬಿಟ್‌ನ ಫುಲ್ ಎಚ್‌ಡಿ ಸಾಕು ಅನ್ನುವವರಿಗೆ ಇಡೀ ರಾತ್ರಿ 90 ಜಿಬಿಯಲ್ಲಿ ಮುಗಿಯುತ್ತದೆ. ಭಾಗವತಿಕೆ, ಚೆಂಡೆ, ಮದ್ದಳೆಯ ಧ್ವನಿಯನ್ನಷ್ಟೇ ಒಳ್ಳೆಯ ಗುಣಮಟ್ಟದಲ್ಲಿ ಹಿಡಿಯುವವರಿಗೆ ಗಂಟೆಗೆ 1 ಜಿಬಿ, ರಾತ್ರಿಗೆ 8 ಜಿಬಿ. ಅಂಥವರಿಗೆ 500 ಜಿಬಿಯ ಎಸ್‌ಎಸ್‌ಡಿ ಇಡೀ ಋತುವಿಗೂ ಮಿಗುತ್ತದೆ. 4ಕೆಯವರು ಎರಡು ಮೂರು ರಾತ್ರಿ ಹೊರಗಿದ್ದು ಮನೆಗೆ ಬರುವವರಾದರೆ 1 ಟಿಬಿ ಇಕ್ಕಟ್ಟು, 2 ಟಿಬಿ ನೆಮ್ಮದಿ. 1 ಟಿಬಿ ಅಂತ ಬರೆದದ್ದು ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಾಣುತ್ತದೆ. ಅದು ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ.

ಅಂಗಡಿಯಲ್ಲಿ ಎಸ್‌ಎಸ್‌ಡಿ ತೋರಿಸುವಾಗ ಮೊದಲು ಹೇಳುವುದು ವೇಗ. ಸೆಕೆಂಡಿಗೆ 1,000 ಎಂಬಿ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ನಮ್ಮ ಕೆಲಸಕ್ಕೆ ಆ ಅಂಕಿ ಮುಖ್ಯವಲ್ಲ. ನಮ್ಮಲ್ಲಿ ಹೆಚ್ಚಿನವರು ಬಳಸುವ ಯುಎಚ್‌ಎಸ್-1 ಬಗೆಯ ಎಸ್‌ಡಿ ಕಾರ್ಡ್ ಸಾಮಾನ್ಯ ರೀಡರ್‌ನಲ್ಲಿ ಸೆಕೆಂಡಿಗೆ ಸುಮಾರು 90 ಎಂಬಿಗಿಂತ ಹೆಚ್ಚು ಕೊಡುವುದಿಲ್ಲ. ನಲ್ಲಿ ಸಣ್ಣದಿರುವಾಗ ಕೊಡಪಾನದ ಬಾಯಿ ಎಷ್ಟು ಅಗಲವಿದ್ದರೇನು? 360 ಜಿಬಿ ಇಳಿಯಲು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚೇ ಬೇಕು. ಎಸ್‌ಎಸ್‌ಡಿಯನ್ನು ಏಟು ತಡೆಯುತ್ತದೆ ಅಂತ ತಗೊಳ್ಳಿ, ವೇಗಕ್ಕೆ ಅಂತ ಅಲ್ಲ.

ಆದರೆ ಕೇಬಲ್ ಮಾತ್ರ ನೋಡಿಕೊಳ್ಳಿ. ಮೊಬೈಲ್ ಚಾರ್ಜ್ ಮಾಡುವ ಟೈಪ್-ಸಿ ಕೇಬಲ್‌ಗಳಲ್ಲಿ ಎಷ್ಟೋ ಹಳೆಯ ಯುಎಸ್‌ಬಿ 2ರ ವೇಗದವು. ನೋಡಲು ಒಂದೇ ಥರ, ತುದಿಯೂ ಸರಿಯಾಗಿ ಕೂರುತ್ತದೆ. ಡಿಸ್ಕ್‌ನ ಜೊತೆ ಬಂದ ಕೇಬಲ್ ಮನೆಯಲ್ಲಿ ಮರೆತು ಅದನ್ನು ಹಚ್ಚಿದರೆ ವೇಗ ಸೆಕೆಂಡಿಗೆ 35 ಎಂಬಿಯ ಆಸುಪಾಸಿಗೆ ಇಳಿಯುತ್ತದೆ. ಅದೇ 360 ಜಿಬಿಗೆ ಮೂರು ಗಂಟೆ ಹತ್ತಿರ. ಅಷ್ಟು ಹೊತ್ತು ಚೌಕಿ ಇರುವುದಿಲ್ಲ, ಲಾರಿ ಹೊರಟಿರುತ್ತದೆ. ನಾನು ಎರಡು ಒಳ್ಳೆಯ ಕೇಬಲ್‌ಗೆ ಕೆಂಪು ದಾರ ಕಟ್ಟಿಟ್ಟಿದ್ದೇನೆ, ಅವು ಬೇರೆ ಯಾವ ಕೆಲಸಕ್ಕೂ ಹೋಗುವುದಿಲ್ಲ.

ಬೈಕ್ ಹತ್ತಿ ಲಡಾಖ್‌ಗೆ ಹೋಗುವ ತರುಣರು ಇಲ್ಲಿದ್ದೀರಿ ಅಂತ ಕೇಳಿದೆ. ನಿಮಗೆ ಒಂದು ಮಾತು. ಹೆಡ್ ತೇಲುವುದು ಗಾಳಿಯ ಮೇಲೆ ಅಂದೆನಲ್ಲ, ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಾದಾ ಡಿಸ್ಕ್‌ಗಳನ್ನು ಸುಮಾರು 3,000 ಮೀಟರ್ ಎತ್ತರದವರೆಗೆ ಮಾತ್ರ ಚಾಲೂ ಮಾಡಿ ಅಂತ ಕಂಪನಿಗಳೇ ಸಾಮಾನ್ಯವಾಗಿ ವಿವರಪಟ್ಟಿಯಲ್ಲಿ ಬರೆದಿರುತ್ತವೆ. ಲೇಹ್ ಊರೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಚೀಲದಲ್ಲಿ ಆಫ್ ಆಗಿದ್ದರೆ ತೊಂದರೆಯಿಲ್ಲ. ರಾತ್ರಿ ಹೋಟೆಲ್ ಕೋಣೆಯಲ್ಲಿ ಹಚ್ಚಿ ಕಾಪಿ ಮಾಡುವುದು ಅಪಾಯ. ಅಲ್ಲಿಗೂ ಎಸ್‌ಎಸ್‌ಡಿಯೇ ಸರಿ. ನಮ್ಮ ಮುಳ್ಳಯ್ಯನಗಿರಿ 2,000 ಮೀಟರ್ ಕೂಡ ದಾಟುವುದಿಲ್ಲ, ಕರ್ನಾಟಕದೊಳಗೆ ಈ ಚಿಂತೆ ಬೇಡ. ವಿಮಾನದಲ್ಲೂ ಬೇಡ, ಒಳಗಿನ ಗಾಳಿಯ ಒತ್ತಡವನ್ನು ಹಿಡಿದಿಟ್ಟಿರುತ್ತಾರೆ. ಮೇಳದ ಜೊತೆ ದುಬೈಗೆ ಹೋಗುವವರು ಕೇಳುತ್ತಿರುತ್ತಾರೆ: ತಪಾಸಣೆಯ ಎಕ್ಸ್‌ರೇಯಿಂದ ಡಿಸ್ಕ್‌ಗೆ ಏನೂ ಆಗುವುದಿಲ್ಲ. ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಸೂಟ್‌ಕೇಸ್‌ಗೆ ಹಾಕಬೇಡಿ, ಅಷ್ಟೇ.

ಇನ್ನು ಮನೆಯ ಡಿಸ್ಕ್. ಇಲ್ಲಿ ನನ್ನ ಮಾತು ತಿರುಗುತ್ತದೆ. ಮನೆಗೆ ಸಾದಾ ಹಾರ್ಡ್ ಡಿಸ್ಕ್ ತಗೊಳ್ಳಿ. ಎಸ್‌ಎಸ್‌ಡಿ ಹಿಡಿದಿಟ್ಟ ವಿದ್ಯುತ್ ಕಣಗಳು ಬಹುಕಾಲ ಕರೆಂಟ್ ಕಾಣದಿದ್ದರೆ ನಿಧಾನವಾಗಿ ಸೋರುತ್ತವೆ, ಸೆಕೆಯಲ್ಲಿ ಇನ್ನೂ ಬೇಗ. ಜೆಡೆಕ್ ಅನ್ನುವ ಉದ್ಯಮದ ಒಕ್ಕೂಟದ ಮಾನದಂಡದ ಪ್ರಕಾರ, ಬರೆಯುವ ಆಯಸ್ಸು ಪೂರ್ತಿ ತೀರಿದ ಎಸ್‌ಎಸ್‌ಡಿ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು. ಹೊಸದು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಆದರೂ ಐದಾರು ವರ್ಷ ಕಪಾಟಿನಲ್ಲಿ ಮರೆತು ಇಡುವ ವಸ್ತು ಅದಲ್ಲ. ಸಾದಾ ಡಿಸ್ಕ್‌ನಲ್ಲಿ ಬರೆದದ್ದು ಕಾಂತದ ಗುರುತು, ಅಷ್ಟು ಬೇಗ ಮಾಸುವುದಿಲ್ಲ.

ದೊಡ್ಡ ಗಾತ್ರದ ಪೋರ್ಟಬಲ್ ಡಿಸ್ಕ್‌ಗಳಲ್ಲಿ ಇನ್ನೊಂದು ವಿಷಯ ಇದೆ, ಅದನ್ನು ಡಬ್ಬದ ಮೇಲೆ ಬರೆದಿರುವುದಿಲ್ಲ. ನಮ್ಮ ಮಂಗಳೂರು ಹೆಂಚಿನ ಮಾಡು ನೋಡಿ. ಒಂದು ಹೆಂಚಿನ ಅಂಚಿನ ಮೇಲೆ ಇನ್ನೊಂದು ಕೂತಿರುತ್ತದೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಮೇಲಿನ ನಾಲ್ಕನ್ನು ಸರಿಸಬೇಕು. ಕಡಿಮೆ ಜಾಗದಲ್ಲಿ ಹೆಚ್ಚು ತುಂಬಲು ಈಗಿನ ಬಹುಪಾಲು ಸಣ್ಣ ಡಿಸ್ಕ್‌ಗಳು ಬರೆಯುವ ಗೆರೆಗಳನ್ನು ಹೀಗೇ ಒಂದರ ಮೇಲೊಂದು ಹೊದಿಸುತ್ತವೆ. ಎಸ್‌ಎಂಆರ್ ಅಂತ ಅದಕ್ಕೆ ಹೆಸರು. ಖಾಲಿ ಡಿಸ್ಕ್‌ಗೆ ಸಾಲಾಗಿ ತುಂಬುತ್ತಾ ಹೋದರೆ ಏನೂ ಗೊತ್ತಾಗುವುದಿಲ್ಲ. ಅಳಿಸುತ್ತಾ, ಮತ್ತೆ ಬರೆಯುತ್ತಾ ಇದ್ದರೆ ಒಂದು ಹಂತದಲ್ಲಿ ಎತ್ತಿನಗಾಡಿಯ ವೇಗಕ್ಕೆ ಇಳಿಯುತ್ತದೆ. ಡಿಸ್ಕ್ ಕೆಟ್ಟಿತು ಅಂತ ಹೆದರಿ ಕೇಬಲ್ ಕಿತ್ತವರನ್ನು ಕಂಡಿದ್ದೇನೆ. ಕೀಳಬೇಡಿ, ಅದು ಹೆಂಚು ಸರಿಸುತ್ತಿದೆ. ಮನೆಯ ಡಿಸ್ಕ್‌ಗೆ ಒಂದು ಸಲ ತುಂಬಿ ಇಡುವುದಷ್ಟೇ ಕೆಲಸ, ಆದ್ದರಿಂದ ಎಸ್‌ಎಂಆರ್ ಆದರೂ ನಡೆಯುತ್ತದೆ. ಅದರ ಮೇಲೆ ನೇರವಾಗಿ ಎಡಿಟಿಂಗ್ ಮಾಡಲು ಹೋಗಬೇಡಿ.

ಆನ್‌ಲೈನ್‌ನಲ್ಲಿ 16 ಟಿಬಿ ಎಸ್‌ಎಸ್‌ಡಿ ಎರಡು ಸಾವಿರ ರೂಪಾಯಿಗೆ ಸಿಗುತ್ತದಲ್ಲ ಅಂತ ಬರುವ ದಾರಿಯಲ್ಲೇ ಒಬ್ಬರು ಕೇಳಿದರು. ದಯವಿಟ್ಟು ಮುಟ್ಟಬೇಡಿ. ಅಂಗೈಯಗಲದ ಸಾದಾ ಡಿಸ್ಕ್ ಕೂಡ ಹೆಚ್ಚೆಂದರೆ 5, 6 ಟಿಬಿವರೆಗೆ ಬರುತ್ತದೆ. ಆ ಅಗ್ಗದ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಇರುವುದು ಒಂದು ಸಣ್ಣ ಮೆಮೊರಿ ಕಾರ್ಡ್. ಕಂಪ್ಯೂಟರ್‌ಗೆ 16 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಅದನ್ನು ತಿದ್ದಿರುತ್ತಾರೆ. ಕಾಪಿ ಆಯಿತು ಅಂತ ಪರದೆ ಹೇಳುತ್ತದೆ, ಫೈಲ್‌ನ ಹೆಸರೂ ಕಾಣುತ್ತದೆ, ತೆರೆದರೆ ಒಳಗೆ ಏನೂ ಇರುವುದಿಲ್ಲ. ಬರೀ ದುಡ್ಡು ಹೋದರೆ ಹೋಯಿತು ಅನ್ನಬಹುದು, ಅದರ ಜೊತೆ ಒಂದು ಮದುವೆ, ಒಂದು ಮಗುವಿನ ನಾಮಕರಣ ಹೋಗುತ್ತದೆ. ಯಾವ ಡಿಸ್ಕ್ ತಂದರೂ ಮೊದಲ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರ್‌ನಿಂದ ಅದನ್ನು ಪೂರ್ತಿ ತುಂಬಿ ಓದಿಸಿ ನೋಡಿ. ದೊಡ್ಡ ಡಿಸ್ಕ್ ಆದರೆ ರಾತ್ರಿಯಿಡೀ, ಕೆಲವೊಮ್ಮೆ ಒಂದು ದಿನಕ್ಕಿಂತ ಹೆಚ್ಚೇ ಬೇಕು, ಬೇಕಾದರೆ ಬೇಕು.

ಡಿಸ್ಕ್‌ನ ಫಾರ್ಮ್ಯಾಟ್, ಅಂದರೆ ಅದರಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಕ್ರಮದ ವಿಷಯ ಬೇಗ ಹೇಳಿಬಿಡುತ್ತೇನೆ. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್. ಮ್ಯಾಕ್ ಇದ್ದವರ ಜೊತೆ ಕೊಡುಕೊಳ್ಳುವುದಿದ್ದರೆ ಎಕ್ಸ್‌ಫ್ಯಾಟ್, ಯಾಕೆಂದರೆ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆಯೇ ಹೊರತು ತಾನಾಗಿ ಅದರ ಮೇಲೆ ಬರೆಯುವುದಿಲ್ಲ. ಎಕ್ಸ್‌ಫ್ಯಾಟ್‌ನಲ್ಲಿ ಬರೆಯುವ ನಡುವೆ ಕೇಬಲ್ ಕಿತ್ತರೆ ಹಾನಿ ಹೆಚ್ಚು, ಆದ್ದರಿಂದ ಎಜೆಕ್ಟ್ ಕೊಟ್ಟೇ ತೆಗೆಯಿರಿ. ಫ್ಯಾಟ್32 ಬೇಡ, 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ.

ಪೀಟರ್ ಕ್ರೋ ಅನ್ನುವ ಅಮೆರಿಕದ ಛಾಯಾಗ್ರಾಹಕರು ಹೇಳಿದ 3-2-1 ಸೂತ್ರ ನಿಮಗೆ ಗೊತ್ತಿರಬಹುದು. ಪ್ರತಿ ಫೈಲ್‌ನ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಜಾಗದಲ್ಲಿ. ನಾನು ಇದನ್ನು ನಮ್ಮ ಬದುಕಿಗೆ ಹೀಗೆ ಒಗ್ಗಿಸಿಕೊಂಡಿದ್ದೇನೆ. ತಿರುಗಾಟದ ಎಸ್‌ಎಸ್‌ಡಿಗೆ ಕಾಪಿ ಆದ ಮೇಲೂ ಕಾರ್ಡ್‌ಗಳನ್ನು ಫಾರ್ಮ್ಯಾಟ್ ಮಾಡುವುದಿಲ್ಲ. ಹೆಚ್ಚುವರಿ ಕಾರ್ಡ್ ಖರೀದಿಸಿದ್ದೇನೆ. ತುಂಬಿದ ಕಾರ್ಡ್ ಅಂಗಿಯ ಜೇಬಿನಲ್ಲಿ, ಎಸ್‌ಎಸ್‌ಡಿ ಚೀಲದಲ್ಲಿ. ಚೀಲ ಕಳೆದರೆ ಜೇಬು ಇದೆ. ಮನೆಗೆ ಬಂದು ಸಾದಾ ಡಿಸ್ಕ್‌ಗೆ ಇಳಿಸಿ, ಟೆರಾಕಾಪಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ವೆರಿಫೈ ಕೊಟ್ಟು, ಎರಡೂ ಕಡೆಯ ಫೈಲ್ ಒಂದೇ ಅಂತ ಖಾತ್ರಿಯಾದ ಮೇಲೆ ಕಾರ್ಡ್ ಖಾಲಿ. ಇನ್ನೊಂದು ಸಾದಾ ಡಿಸ್ಕ್ ಅಕ್ಕನ ಮನೆಯಲ್ಲಿದೆ, ಘಟ್ಟದ ಮೇಲೆ. ದೀಪಾವಳಿಗೆ, ಯುಗಾದಿಗೆ ಅಲ್ಲಿಗೆ ಹೋದಾಗ ಹೊಸದನ್ನು ಸೇರಿಸಿ ಬರುತ್ತೇನೆ. ನಮ್ಮ ಮನೆಗೆ ನೀರು ನುಗ್ಗಿದರೂ ಅದು ಅಲ್ಲಿರುತ್ತದೆ.

ಮಳೆಗಾಲದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಕರಾವಳಿಯ ತೇವ ಲೆನ್ಸ್‌ಗೆ ಬೂಸ್ಟು ಹಿಡಿಸುವ ಹಾಗೆ ಡಿಸ್ಕ್‌ನ ಕನೆಕ್ಟರ್‌ಗೂ ಕಿಲುಬು ಹಿಡಿಸುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಸಾಕು. ಎಸಿ ಕಾರಿನಿಂದ ಇಳಿದ ಕೂಡಲೇ ತಣ್ಣಗಿನ ಡಿಸ್ಕನ್ನು ಹಚ್ಚಬೇಡಿ. ಮೇಲೆ ಕೂತ ತೇವ ಆರಲಿ, ಅರ್ಧ ಗಂಟೆ ಕಾಯಿರಿ.

ಒಂಬತ್ತು ವರ್ಷದ ಹಿಂದಿನ ಆ ಡಿಸ್ಕನ್ನು ಇವತ್ತು ತಂದಿದ್ದೇನೆ. ಮುಚ್ಚಳ ತೆಗೆದು ಈ ಮೇಜಿನ ಮೇಲೆ ಇಟ್ಟಿದ್ದೇನೆ, ಕೈಯಲ್ಲಿ ಹಿಡಿದು ನೋಡಬಹುದು. ಕಿಟಕಿಯ ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿಯಿರಿ. ಮೇಲಿನ ತಟ್ಟೆಯ ಅಂಚಿನಿಂದ ಒಂದು ಬೆರಳು ಒಳಗೆ ಉಂಗುರದಂಥ ಮಸುಕು ಗೆರೆ ಕಾಣುತ್ತದೆ, ಹೆಡ್ ಕೆರೆದದ್ದು ಅಲ್ಲಿ. ನಿಮ್ಮ ಡಿಸ್ಕ್, ಕೇಬಲ್ ತಂದವರು ಆಮೇಲೆ ಇತ್ತ ಬನ್ನಿ, ಒಂದೊಂದಾಗಿ ಹಚ್ಚಿ ವೇಗ ನೋಡೋಣ.