ಅಗೆಯುವಾಗ ಏನಾದರೂ ಸಿಕ್ಕಿದರೆ

ಎಲ್ಲರಿಗೂ ನಮಸ್ಕಾರ. ಗ್ರಂಥಾಲಯದವರು ನನಗೆ ಕೊಟ್ಟ ವಿಷಯ 'ನಮ್ಮ ಪರಂಪರೆ'. ಅಷ್ಟು ದೊಡ್ಡ ಹೆಸರು ಕೇಳಿದರೆ ಅರ್ಧ ಸಭೆ ಚಹಾ ಕುಡಿಯಲು ಎದ್ದು ಹೋಗುತ್ತದೆ. ಅದಕ್ಕೆ ನಮ್ಮ ಕಾಸರಗೋಡಿನ ಪಕ್ಕದ ಜಿಲ್ಲೆಯ ಒಂದು ಸುದ್ದಿಯಿಂದಲೇ ಶುರು ಮಾಡುತ್ತೇನೆ.

2024ರ ಜುಲೈ. ಕಣ್ಣೂರಿನ ಚೆಂಗಳಾಯಿಯಲ್ಲಿ ಉದ್ಯೋಗಖಾತ್ರಿಯ ಹೆಂಗಸರು ರಬ್ಬರ್ ತೋಟದಲ್ಲಿ ಮಳೆನೀರಿನ ಗುಂಡಿ ತೋಡುತ್ತಿದ್ದರು. ಮಣ್ಣಿನಲ್ಲಿ ಒಂದು ಪಾತ್ರೆ ಕಂಡಿತು. ಅವರಿಗೆ ಮೊದಲು ಬಂದ ಅನುಮಾನ, ಬಾಂಬು! ನಗಬೇಡಿ, ಆ ಕಡೆ ರಾಜಕೀಯ ಜಗಳದ ನಾಡಬಾಂಬು ಸಿಗುವುದುಂಟು, ಹಾಗೆ ಹೆದರಲು ಕಾರಣ ಇದೆ. ಹೆದರಿ ಎಸೆದರು. ಒಳಗಿನಿಂದ ಚಿನ್ನದ ಪದಕ, ಮುತ್ತು, ಉಂಗುರ, ಬೆಳ್ಳಿಯ ನಾಣ್ಯ ಎಲ್ಲಾ ಚೆಲ್ಲಿದವು. ವೀರರಾಯನ್ ಪಣ ಎಂಬ ಹಳೆಯ ನಾಣ್ಯ, ಕಣ್ಣೂರನ್ನು ಆಳಿದ ಆಲಿ ರಾಜರ ಕಾಲದ ನಾಣ್ಯಗಳೂ ಅದರಲ್ಲಿದ್ದವು ಎಂದು ಆಮೇಲೆ ಪುರಾತತ್ವ ಇಲಾಖೆಯವರು ಗುರುತಿಸಿದರು. ದಿನಗೂಲಿಗೆ ಗುಂಡಿ ತೋಡುವ ಹೆಂಗಸರು. ಒಂದು ಪದಕ ಸೆರಗಿಗೆ ಕಟ್ಟಿಕೊಂಡಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಪಂಚಾಯತಿಗೆ, ಪೊಲೀಸರಿಗೆ ಹೇಳಿದರು.

ಅವರ ಪ್ರಾಮಾಣಿಕತೆಯನ್ನು ಎಲ್ಲರೂ ಹೊಗಳಿದರು. ಹೊಗಳಬೇಕಾದ್ದೇ. ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಅವರು ಹೇಳಿದ್ದರಿಂದ ಆ ವಸ್ತುಗಳ ಜೊತೆ ಜಾಗವೂ ಉಳಿಯಿತು. ಮರುದಿನ ಅಲ್ಲೇ ಮತ್ತಷ್ಟು ನಾಣ್ಯ ಸಿಕ್ಕಿತು. ಹಳೆಯ ವಸ್ತುವಿನ ಅರ್ಧ ಕಥೆ ಅದು ಬಿದ್ದಿದ್ದ ಜಾಗದಲ್ಲಿರುತ್ತದೆ. ಎಷ್ಟು ಆಳ, ಯಾವ ಮಣ್ಣು, ಪಕ್ಕದಲ್ಲಿ ಏನಿತ್ತು, ಇದೆಲ್ಲ. ಮೇಲೆತ್ತಿ ಚೀಲಕ್ಕೆ ಹಾಕಿದರೆ ಆ ಅರ್ಧ ಹೋಯಿತು. ಎಷ್ಟೇ ದೊಡ್ಡ ವಿದ್ವಾಂಸ ಬಂದರೂ ವಾಪಸ್ ತರಲಾರ.

ಇದಕ್ಕೆ ಮಹಾರಾಷ್ಟ್ರದ ದೈಮಾಬಾದಿನ ಉದಾಹರಣೆ ಸಾಕು. 1974ರಲ್ಲಿ ಅಲ್ಲಿ ಒಬ್ಬರು ಪೊದೆಯ ಬುಡ ಅಗೆಯುವಾಗ ನಾಲ್ಕು ಕಂಚಿನ ಗೊಂಬೆಗಳು ಸಿಕ್ಕಿದವು. ಒಂದು ಆನೆ, ಒಂದು ಘೇಂಡಾಮೃಗ, ಒಂದು ಎಮ್ಮೆ. ನಾಲ್ಕನೆಯದು ಜೋಡಿ ಎತ್ತಿನ ಗಾಡಿ, ಅದರ ಮೇಲೆ ನಿಂತ ಒಬ್ಬ ಮನುಷ್ಯ. ಒಟ್ಟು ತೂಕ ಸುಮಾರು 60 ಕಿಲೋ. ಇಡೀ ದೇಶ ಹೆಮ್ಮೆ ಪಡುವಂಥ ಕೆಲಸ. ಆದರೆ ಅವು ಎಷ್ಟು ಹಳೆಯವು? ಕೆಲವರು ಹರಪ್ಪ ಕಾಲದ ಕೊನೆಗೆ ಸೇರಿಸುತ್ತಾರೆ, ಅಂದರೆ ಹತ್ತಿರಹತ್ತಿರ ನಾಲ್ಕು ಸಾವಿರ ವರ್ಷ. ಇನ್ನು ಕೆಲವರು ಲೋಹದಲ್ಲಿರುವ ಆರ್ಸೆನಿಕ್ ಪ್ರಮಾಣ ನೋಡಿ, ಅಷ್ಟು ಹಳೆಯದಲ್ಲ ಎನ್ನುತ್ತಾರೆ. ಮಣ್ಣಿನ ಪದರ ನೋಡಿಕೊಂಡು ಅಗೆದು ತೆಗೆದದ್ದಲ್ಲವಲ್ಲ, ಜಗಳ ಮುಗಿದೇ ಇಲ್ಲ. ಅಗೆದವರ ತಪ್ಪೂ ಅಲ್ಲ, ಅವರಿಗೆ ಯಾರು ಹೇಳಿಕೊಟ್ಟಿದ್ದರು?

ಈಗ ನಮ್ಮ ಕಾಸರಗೋಡಿಗೆ ಬನ್ನಿ. ನಾವು ಕೂತಿರುವ ನೆಲವೇ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಇದನ್ನು ಕೊರೆದೇ ನಾವು ಸುರಂಗ ಮಾಡಿ ನೀರು ಕುಡಿದವರು. ನಮಗಿಂತ ಎರಡು ಸಾವಿರ ವರ್ಷ ಹಿಂದಿನವರು ಇದೇ ಕಲ್ಲು ಕೊರೆದು ಸತ್ತವರಿಗೆ ಗುಹೆ ಮಾಡಿದರು. ಮಲಯಾಳದಲ್ಲಿ ಮುನಿಯರ ಎನ್ನುತ್ತಾರೆ. ಮುನಿಗಳಿಗೂ ಅದಕ್ಕೂ ಸಂಬಂಧ ಇಲ್ಲ, ಅದು ಬಿಡಿ. ಜೆಸಿಬಿ ಹೋಗುವಾಗ ನೆಲ ಕುಸಿದು ಇಂಥ ಗುಹೆ ತೆರೆದುಕೊಳ್ಳುವುದುಂಟು. ಒಳಗೆ ಕಪ್ಪು–ಕೆಂಪು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಮಣಿ. ಚಿನ್ನ ಇಲ್ಲ ಅಂತ ಮಡಕೆ ಒಡೆದು ಎಸೆಯುವವರು ಜಾಸ್ತಿ. ಆ ಮಡಕೆಯೊಳಗಿನ ಮಣ್ಣಿನಲ್ಲಿ ಮೂಳೆಯ ಚೂರು ಇರಬಹುದು, ಧಾನ್ಯ ಇರಬಹುದು. ತೊಳೆದರೆ ಅದೂ ಹೋಯಿತು.

ಚೀಮೇನಿಯ ಅರಿಯಿಟ್ಟಪಾರೆಯಲ್ಲಿ ಹಿಂದಿನ ಕಾಲದವರು ಪ್ರಾಣಿಗಳ ಚಿತ್ರ ಕೆತ್ತಿದ್ದಾರೆ. ಬಯಲು ಪಾರೆ, ಅಂದರೆ ಚಪ್ಪಟೆ ಬಂಡೆ. ಮೇಲೆ ನಡೆದುಕೊಂಡು ಹೋದರೂ ಗೊತ್ತಾಗುವುದಿಲ್ಲ. ಇಂಥ ಪಾರೆಗಳನ್ನೇ ನಾವು ಕಲ್ಲಿನ ಕೋರೆಗೆ ಕೊಡುತ್ತೇವೆ, ಅಲ್ವಾ?

ಇನ್ನು ನಿಧಿಯ ಹುಚ್ಚು. 2025ರ ಜನವರಿಯಲ್ಲಿ ಕುಂಬಳೆಯ ಆರಿಕ್ಕಾಡಿ ಕೋಟೆಯೊಳಗೆ ನಿಧಿಗಾಗಿ ಅಗೆಯುತ್ತಿದ್ದವರನ್ನು ಪೊಲೀಸರು ಹಿಡಿದರು. ಅವರಲ್ಲಿ ಏನೂ ಓದದವರು ಮಾತ್ರ ಇದ್ದರು ಅಂದುಕೊಳ್ಳಬೇಡಿ. ಚೆಂಗಳಾಯಿಯ ಹೆಂಗಸರ ಪಕ್ಕದಲ್ಲಿ ಇವರನ್ನು ಇಟ್ಟು ನೋಡಿದರೆ ನನಗೆ ನಾಚಿಕೆಯಾಗುತ್ತದೆ.

ಜನ ಮುಚ್ಚಿಡುವುದು ಆಸೆಯಿಂದ ಮಾತ್ರವಲ್ಲ, ಹೆದರಿಕೆಯಿಂದ ಕೂಡ. ಮನೆ ಕೆಲಸ ನಿಲ್ಲುತ್ತದೆ, ಜಾಗ ಸರಕಾರಕ್ಕೆ ಹೋಗುತ್ತದೆ, ಆಫೀಸಿಗೆ ಅಲೆಯಬೇಕು. ಅಲೆದಾಟದ ಹೆದರಿಕೆ ಸುಮ್ನೆ ಅಲ್ಲ, ನನಗೂ ಗೊತ್ತು. ಆದರೆ ಕಾನೂನು ವಸ್ತು ಸಿಕ್ಕಿದವರನ್ನು ಕಳ್ಳರೆಂದು ನೋಡುವುದಿಲ್ಲ. ಬ್ರಿಟಿಷರ ಕಾಲದ 1878ರ ನಿಧಿ ಕಾಯಿದೆಯೇ ಸಿಕ್ಕಿದವರಿಗೂ ಜಾಗದವರಿಗೂ ಪಾಲು ಇಟ್ಟಿತ್ತು. ಶಿಕ್ಷೆ ಇದ್ದದ್ದು ಮುಚ್ಚಿಟ್ಟವರಿಗೆ. ಕೇರಳಕ್ಕೆ 1968ರಿಂದ ತನ್ನದೇ ನಿಧಿ ಕಾನೂನು ಇದೆ. ಇಲ್ಲೂ ಕಲೆಕ್ಟರಿಗೆ ತಿಳಿಸಬೇಕು. ವಿಲ್ಲೇಜ್ ಆಫೀಸಿಗೆ ಹೇಳಿ, ಬರೆದು ಕೊಡಿ, ಬರೆದದ್ದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಹಾರೆಗೆ ಏನಾದರೂ ತಾಗಿದರೆ ಕೆಲಸ ನಿಲ್ಲಿಸಿ. ಎತ್ತಬೇಡಿ. ಪಕ್ಕದಲ್ಲಿ ಒಂದು ಕೋಲೋ ಕತ್ತಿಯೋ ಇಟ್ಟು ಫೋಟೋ ತೆಗೆಯಿರಿ, ಗಾತ್ರ ಗೊತ್ತಾಗುತ್ತದೆ. ಮಳೆ ಬಂದರೆ ಟಾರ್ಪಾಲು ಮುಚ್ಚಿ. ನಾಣ್ಯವನ್ನು ಮಾತ್ರ ಹುಣಸೆಹುಳಿ ಹಾಕಿ ಉಜ್ಜಬೇಡಿ. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ.

ಕೊನೆಗೊಂದು ಮಾತು, ನೆಲ ಅಗೆಯದವರಿಗೆ. ನಿಮ್ಮ ಅಟ್ಟ ನೋಡಿ, ಹಳೆಯ ಓಲೆಗರಿಯ ಕಟ್ಟು ಇರಬಹುದು. ತುಳು ವಿದ್ವಾಂಸ ವೆಂಕಟರಾಜ ಪುಣಿಂಚತ್ತಾಯರು ಹಳೆಯ ತುಳು ಕಾವ್ಯಗಳನ್ನು ಬೆಳಕಿಗೆ ತಂದದ್ದು ಇಂಥ ಓಲೆಗರಿಗಳಿಂದಲೇ. 1972ರ ಕಾನೂನಿನ ಪ್ರಕಾರ ಪುರಾತನ ವಸ್ತು ಎನಿಸಿಕೊಳ್ಳಲು ಬೇರೆ ವಸ್ತುಗಳಿಗೆ 100 ವರ್ಷ ಆಗಬೇಕು, ಬೆಲೆಯುಳ್ಳ ಹಸ್ತಪ್ರತಿಗೆ 75 ಸಾಕು. ಅಜ್ಜನ ಓಲೆಕಟ್ಟು ಓದಲು ಬರುವುದಿಲ್ಲ ಎಂದು ಒಲೆಗೆ ಹಾಕಬೇಡಿ. ಹಳೆಯ ತುಳು ಓಲೆಗಳ ತಿಗಳಾರಿ ಲಿಪಿ ಓದುವವರು ಈಗಲೂ ಇದ್ದಾರೆ. ಯಾರ ಮನೆಯಲ್ಲಾದರೂ ಕಟ್ಟು ಇದ್ದರೆ, ಬಿಚ್ಚದೆ ಹಾಗೇ ಬಟ್ಟೆಯಲ್ಲಿ ಸುತ್ತಿ ಗ್ರಂಥಾಲಯದ ಕಾರ್ಯದರ್ಶಿಯವರಿಗೆ ಹೇಳಿ. ಓದುವವರನ್ನು ನಿಮ್ಮ ಮನೆಗೇ ಕರೆತರುವ ಕೆಲಸ ನಮ್ಮದು.